ಬಂದೂಕಿಗೆ ತೆಂಗಿನೆಣ್ಣೆ

ಮೇ 1, ಗುರುವಾರ

ಮಾತು ಕೊಟ್ಟದ್ದು: ಹೆಂಡತಿ ಸೈನಬ ಊರಿನಲ್ಲಿ ಅವಳ ಉಮ್ಮನ ಸೊಂಟದ ಆಪರೇಷನ್ ಮುಗಿಸಿ ಬಕ್ರೀದಿಗೆ ಮೊದಲು ಮಸ್ಕತ್ತಿಗೆ ವಾಪಸ್ ಬರುವುದು. ಅಲ್ಲಿಯವರೆಗೆ ಮಗಳು ಹಸೀಬಾ ರಾತ್ರಿ ನನ್ನೆದುರು ಕೂತು ಉಣ್ಣುವುದು. ಊಟದ ಹೊತ್ತಿಗೆ ಫೋನು ದೂರ ಇಡುವುದು. ಕೇಳಿದ್ದಕ್ಕೆ ಬಾಯಿಬಿಟ್ಟು ಉತ್ತರ ಕೊಡುವುದು. ನಾನು ಪ್ರತಿ ಶುಕ್ರವಾರ ಅವಳನ್ನು ಬೌಷರ್‌ನ ಏರ್‌ಸಾಫ್ಟ್ ಹಾಲ್‌ಗೆ, ಅಂದರೆ ಆಟಿಕೆ ಬಂದೂಕಿನ ಪಂದ್ಯದ ಜಾಗಕ್ಕೆ, ಕರೆದುಕೊಂಡು ಹೋಗುವುದು, ಒಳಗೆ ಕೂತು ಅವಳ ಆಟ ನೋಡುವುದು. ಏರ್‌ಪೋರ್ಟಿನಲ್ಲಿ ಮೂವರೂ ಒಪ್ಪಿದ್ದೆವು.

ನಿರಾಕರಿಸಿದ್ದು: ತಟ್ಟೆ ಕೋಣೆಗೆ ಹೋಗುತ್ತದೆ. ಬಾಗಿಲು ಹಾಕಿಕೊಳ್ಳುತ್ತದೆ. ಫೋನು ತಟ್ಟೆಯ ಪಕ್ಕದಲ್ಲೇ. ಏನು ಕೇಳಿದರೂ ಉತ್ತರ ಒಂದೇ, 'ಫೈನ್, ಉಪ್ಪ.' ಶಾಲೆ ಫೈನ್. ಹೊಟ್ಟೆ ಫೈನ್. ಹನ್ನೆರಡನೇ ಕ್ಲಾಸಿನ ಲೆಕ್ಕದ ಪಾಠ ಫೈನ್. ಊರಿನಲ್ಲಿ ಕಾರ್ಮಿಕ ಸಂಘದ ಕಾರ್ಯದರ್ಶಿಯಾಗಿ ಆಡಳಿತ ಮಂಡಳಿಗಳ ಜೊತೆ ಮಾತುಕತೆಗೆ ಕೂತವನು ನಾನು, ಬೀಡಿ ಕಂಪೆನಿಯ ಧಣಿಗಳ ಬಾಯಿಯಿಂದ ಪದ ಕಿತ್ತವನು. ಹದಿನೇಳು ವರ್ಷದ ಈ ಹುಡುಗಿಯ ಬಾಯಿಯಿಂದ ಎರಡನೇ ಪದ ಹೊರಡಿಸಲು ಆಗುತ್ತಿಲ್ಲ.

ಕೊನೆಯದನ್ನು, ಒಳಗೆ ಕೂತು ನೋಡುವುದನ್ನು, ನಿರಾಕರಿಸಿದವನು ನಾನೇ. ಬಿಡುತ್ತೇನೆ, ಕಾರಿನಲ್ಲಿ ಕೂರುತ್ತೇನೆ, ಕರೆತರುತ್ತೇನೆ. ಬಂದೂಕು ಹಾರುವ ಜಾಗದಲ್ಲಿ ನಾನು ನಿಲ್ಲುವುದಿಲ್ಲ. ಇಪ್ಪತ್ತೆರಡರ ವಯಸ್ಸಿನಲ್ಲಿ ನಮ್ಮ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಬ್ಯಾನರಿನ ಒಂದು ಕೋಲು ನನ್ನ ಕೈಯಲ್ಲಿತ್ತು, ಇನ್ನೊಂದು ಗೆಳೆಯ ಇದಿನಬ್ಬನ ಕೈಯಲ್ಲಿ. ಗುಂಡು ಅವನ ಮೊಣಕಾಲಿಗೆ ಹೋಯಿತು. ಅವನು ಇವತ್ತಿಗೂ ಕುಂಟುತ್ತಾನೆ. ಅವತ್ತೇ ಆಣೆ ಇಟ್ಟೆ. 'ಇಟ್ಸ್ ಎ ಟಾಯ್, ಉಪ್ಪ, ಕಾಳುಮೆಣಸಿನಷ್ಟು ಪ್ಲಾಸ್ಟಿಕ್ ಗುಂಡು' ಅಂತಾಳೆ ಮಗಳು. ಇರಲಿ. ಆಕಾರ ಬಂದೂಕಿನದ್ದೇ.

ಇವತ್ತು ಮೇ ದಿನ. ಅಲ್ ಖುವೈರ್‌ನಲ್ಲಿ ನಮ್ಮ ಕಾರು ಬಿಡಿಭಾಗದ ಅಂಗಡಿಗೆ ರಜೆ ಇಲ್ಲ. ಕೌಂಟರಿನಲ್ಲಿ ನನ್ನ ಪಕ್ಕ ನಿಲ್ಲುವ ಮಂಗಳೂರಿನ ಕ್ಯಾಸ್ಮಿರ್ ನನ್ನ ಹೆಸರು ಹಿಡಿದು ಕರೆದು, 'ಲಾಲ್ ಸಲಾಂ ಉಮ್ಮರೇ, ಆ ಆಯಿಲ್ ಫಿಲ್ಟರ್ ತೆಗಿ ಮಾರಾಯ' ಅಂದ. ನನ್ನ ಮೇ ದಿನ ಅಲ್ಲಿಗೆ ಮುಗಿಯಿತು.

ಮೇ 2, ಶುಕ್ರವಾರ

ಕಾರಿನಲ್ಲಿ ಕೂತೆ. ಎಂಜಿನ್ ಬಂದ್ ಮಾಡಿದರೆ ಬೇಯುತ್ತೇನೆ, ಚಾಲೂ ಇಟ್ಟರೆ ಪೆಟ್ರೋಲ್ ಸುಡುತ್ತದೆ. ಅರ್ಧ ಹೊತ್ತು ಬೆಂದೆ, ಅರ್ಧ ಹೊತ್ತು ಸುಟ್ಟೆ.

ಹೊರಬಂದಳು. ಕೆನ್ನೆ ಕೆಂಪು, ಹಣೆಯ ಮೇಲೆ ಆಟದ ರಕ್ಷಣಾ ಕನ್ನಡಕದ ಗುರುತು. ಇವತ್ತು ಸ್ವಲ್ಪ ಮಾತಿತ್ತು.

'ಗೆದ್ದಿರಾ?'

'ಟೀಮ್ ಗೆದ್ದಿತು. ನಾನು ಬೇಗ ಔಟ್. ಭುಜಕ್ಕೆ ತಾಗಿತು.'

'ಅಂಪೈರ್ ನೋಡಿದನಾ?'

'ಯಾರೂ ನೋಡಿಲ್ಲ. ನಾನೇ ಕೈ ಎತ್ತಿದೆ. ತಾಗಿದವರೇ ಕೈ ಎತ್ತಿ ಹಿಟ್ ಅಂತ ಹೇಳಿ ಹೊರಗೆ ಬರ್ಬೇಕು.'

'ಯಾರೂ ನೋಡದಿದ್ದರೆ ಸುಮ್ಮನಿರಬಹುದಿತ್ತಲ್ಲ?'

ನನ್ನನ್ನು ನೋಡಿದಳು. ಕಳ್ಳನನ್ನು ನೋಡಿದ ಹಾಗೆ. 'ದಟ್ಸ್ ದ ಗೇಮ್, ಉಪ್ಪ.'

ಅಲ್ ಹೈಲ್‌ನ ನಮ್ಮ ಫ್ಲ್ಯಾಟಿನವರೆಗೂ ಅವಳು ಫೋನು ಒತ್ತುತ್ತಿದ್ದಳು. ನನಗೆ ಮಾತ್ರ ಅದೇ ಯೋಚನೆ. ಇದಿನಬ್ಬನ ಮೊಣಕಾಲಿಗೆ ಹೊಡೆದವರ ಪೈಕಿ ಒಬ್ಬನೂ ಕೈ ಎತ್ತಲಿಲ್ಲ. ವಿಚಾರಣೆ ನಡೆಯಿತು, ವರದಿ ಬಂತು, ಗುಂಡು ತಾನಾಗಿಯೇ ಹಾರಿತ್ತಂತೆ. ಇಲ್ಲಿ ಮಕ್ಕಳು ಪ್ಲಾಸ್ಟಿಕ್ ಕಾಳಿಗೆ ಕೈ ಎತ್ತುತ್ತಾರೆ.

ಮೇ 5, ಸೋಮವಾರ

ಬಂದೂಕು ಕ್ಲಬ್ಬಿನ ಕಪಾಟಿನಲ್ಲಿ, ಬೀಗದೊಳಗೆ. ಅದು ಮನೆಗೆ ಬರುವಂತಿಲ್ಲ. ಬರುವುದು ಮ್ಯಾಗಝಿನ್ ಮಾತ್ರ: ಗ್ಯಾಸೂ ಗುಂಡೂ ತುಂಬುವ, ಅಂಗೈಯಷ್ಟು ಉದ್ದದ ಲೋಹದ ಡಬ್ಬಿ. ಅವರವರದ್ದನ್ನು ಅವರವರೇ ನೋಡಿಕೊಳ್ಳಬೇಕಂತೆ.

ನಿನ್ನೆ ಸಂಜೆ ಅದನ್ನು ಕಿವಿಗೆ ಹಿಡಿದು ಕೂತಿದ್ದಳು. ಒಳಗಿನಿಂದ ಸಣ್ಣಗೆ ಉಸ್ಸ್ ಅನ್ನುತ್ತಿತ್ತು. ಸೈನಬನಿಗೆ ಫೋನಿನಲ್ಲಿ ಹೇಳುತ್ತಿದ್ದಳು: ಈ ಶುಕ್ರವಾರ ಸೆಮಿಫೈನಲ್, ಗ್ಯಾಸ್ ಸೋರಿದರೆ ಮರ್ಯಾದೆ ಹೋಗುತ್ತದೆ, ಆಶಿತಾ ಅಕ್ಕ ಬೈಯುತ್ತಾಳೆ. ಆಶಿತಾ ಅಂದರೆ ಅವಳ ಕ್ಯಾಪ್ಟನ್, ಯಾವುದೋ ಆಫೀಸಿನಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗಿ. ನನಗೆ ಹೇಳಲಿಲ್ಲ. ಎರಡು ಸಾವಿರ ಕಿಲೋಮೀಟರ್ ಆಚೆಯ ತಾಯಿಗೆ ಹೇಳಿದಳು. ಎರಡು ಅಡಿ ಆಚೆ ಕೂತ, ರಬ್ಬರ್ ಸೀಲ್ ಮಾರಿ ಹೊಟ್ಟೆ ಹೊರೆಯುವ ಅಪ್ಪನಿಗೆ ಹೇಳಲಿಲ್ಲ.

ಮಧ್ಯಾಹ್ನದ ಬಿಡುವಿಗೆ ಮನೆಗೆ ಬಂದೆ. ಅವಳು ಶಾಲೆಯಲ್ಲಿ. ಡಬ್ಬಿ ಮೇಜಿನ ಮೇಲೆ. ಗ್ಯಾಸ್ ಪೂರಾ ಖಾಲಿ ಮಾಡಿ ನೋಡಿದೆ. ಕೆಳಗಿನ ಬಾಯಲ್ಲಿ ಒಂದು ರಬ್ಬರ್ ಉಂಗುರ, ಮೇಲಿನ ವಾಲ್ವಿನಲ್ಲಿ ಒಂದು. ಎರಡೂ ಒಣಗಿವೆ. ಈ ಊರಿನ ಬಿಸಿಗೆ ಎಲ್ಲ ರಬ್ಬರೂ ಒಣಗುತ್ತದೆ. ಎಣ್ಣೆ ಬೇಕು. ಯಾವ ಎಣ್ಣೆ?

ಎಂಜಿನ್ ಎಣ್ಣೆ ಬೇಡ. ಬ್ರೇಕಿನ ರಬ್ಬರಿಗೆ ಎಂಜಿನ್ ಎಣ್ಣೆ ತಾಗಿದರೆ ಉಬ್ಬಿ ಹಾಳಾಗುತ್ತದೆ, ಅದನ್ನು ದಿನಾ ಗಿರಾಕಿಗಳಿಗೆ ಬೊಬ್ಬೆ ಹೊಡೆದು ಹೇಳುವವನು ನಾನು. ತುಕ್ಕು ಬಿಡಿಸುವ ಸ್ಪ್ರೇ ಇನ್ನೂ ಬೇಡ. ಅಡುಗೆಮನೆಯಲ್ಲಿ ಸೈನಬ ಊರಿನಿಂದ ತಂದಿಟ್ಟ ತೆಂಗಿನೆಣ್ಣೆ ಇತ್ತು. ನನ್ನ ಉಮ್ಮ ಅದನ್ನು ಹೊಲಿಗೆ ಮೆಷಿನಿಗೆ ಬಿಡುತ್ತಿದ್ದಳು, ಬಾಗಿಲಿನ ತಿರುಗಣಿಗೆ ಬಿಡುತ್ತಿದ್ದಳು, ನನ್ನ ಸೈಕಲ್ ಚೈನಿಗೆ, ಹೆತ್ತ ಮಕ್ಕಳ ನೆತ್ತಿಗೆ. ತೆಂಗಿನೆಣ್ಣೆಗೆ ಯಾರ ಮೇಲೂ ದ್ವೇಷವಿಲ್ಲ. ಧಾರಾಳವಾಗಿ ಬಿಟ್ಟೆ. ಪಕ್ಕದಲ್ಲಿದ್ದ ಅವಳ ಕ್ಯಾನಿನಿಂದ ಸ್ವಲ್ಪ ಗ್ಯಾಸ್ ತುಂಬಿ ಕಿವಿಗೆ ಹಿಡಿದೆ. ಸದ್ದು ನಿಂತಿತ್ತು.

ಅವಳಿಗೆ ಹೇಳಲಿಲ್ಲ. ಹೇಳಿದರೆ ಬಂದೂಕಿಗೆ ಸೇವೆ ಮಾಡಿದ್ದೇನೆಂದು ಒಪ್ಪಿದ ಹಾಗೆ. ಸಂಜೆ ಅವಳೂ ಕಿವಿಗೆ ಹಿಡಿದಳು. ನಕ್ಕಳು. ನಾನು ಪೇಪರ್ ಓದುತ್ತಿದ್ದೆ.

ಮೇ 9, ಶುಕ್ರವಾರ

ಹೋಗಿ ಅರ್ಧ ಗಂಟೆ ಆಗಿರಲಿಲ್ಲ, ಹೊರಬಂದಳು. ಮುಂದಿನ ಸೀಟಿಗೆ ಬರಲಿಲ್ಲ, ಹಿಂದೆ ಕೂತಳು. ದುಪಟ್ಟಾದಿಂದ ಮುಖ ಮುಚ್ಚಿಕೊಂಡಳು.

'ಎಂತಾಯ್ತು ಮಗಳೇ?'

'ಫೈನ್.'

ಮನೆಗೆ ಬಂದ ಮೇಲೆ ಬಾಗಿಲಾಚೆಯಿಂದ ಅವಳು ಫೋನಿನಲ್ಲಿ ಸೈನಬನ ಹತ್ತಿರ ಅಳುವುದು ಕೇಳಿಸಿತು. ಮೊದಲ ಎರಡು ಗುಂಡು ಹಾರಿತಂತೆ, ಆಮೇಲೆ ವಾಲ್ವ್ ಕಚ್ಚಿಕೊಂಡಿತಂತೆ. ಗ್ಯಾಸ್ ಬರಲೇ ಇಲ್ಲ. ಬಾಯಲ್ಲಿ ಬಿಳಿ ಬಿಳಿ, ಮೇಣದ ಹಾಗೆ. ಖಾಲಿ ಬಂದೂಕು ಹಿಡಿದು ನಿಂತವಳಿಗೆ ಎದುರಿನವರು ಸುಲಭವಾಗಿ ಹೊಡೆದರಂತೆ. ಟೀಮ್ ಹೇಗೋ ಗೆದ್ದಿತು, ಇವಳಿಲ್ಲದೆ.

ಅವಳು ಮಲಗಿದ ಮೇಲೆ ಚೀಲ ತೆರೆದು ಡಬ್ಬಿ ನೋಡಿದೆ. ಮೇಣವೂ ಇಲ್ಲ, ಬಿಳಿಯೂ ಇಲ್ಲ. ಎಣ್ಣೆ, ತಿಳಿಯಾದ ಎಣ್ಣೆ.

ಮೇ 10, ಶನಿವಾರ

ತಟ್ಟೆ ಕೋಣೆಗೆ ಹೋಯಿತು. ಹಾಗೇ ತುಂಬಿಕೊಂಡು ವಾಪಸ್ ಬಂತು.

ಮೇ 12, ಸೋಮವಾರ

ಕ್ಯಾಸ್ಮಿರನಿಗೆ ಕೇಳಿದೆ. ಯಾರ ವಿಷಯವೆಂದು ಹೇಳದೆ ಕೇಳಿದೆ. 'ಒಂದು ವಾಲ್ವಿನಲ್ಲಿ ಮೇಣ ಕಟ್ಟುತ್ತದೆ. ತಣ್ಣಗಿನ ಹಾಲ್‌ನಲ್ಲಿ ಮಾತ್ರ. ಮನೆಗೆ ತಂದರೆ ಮಾಯ. ಎಂತ ಇರಬಹುದು?'

'ಅದಕ್ಕೆ ನೀನು ಎಂತ ಹಾಕಿದ್ದಿ?'

'ನಾನು ಹಾಕಿದ್ದು ಅಂತ ಯಾರು ಹೇಳಿದ್ದು?'

'ನಿನ್ನ ಮುಖ ಹೇಳ್ತದೆ.'

ಹೇಳಿದೆ. ಅವನು ಬ್ರೇಕ್ ಪ್ಯಾಡಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟ. ನಗು. ಹೊಟ್ಟೆ ಹಿಡಿದುಕೊಂಡು ನಗು. 'ಬಂದೂಕಿಗೆ ತೆಂಗಿನೆಣ್ಣೆಯಾ! ಒಗ್ಗರಣೆ ಹಾಕಿದ್ದಾ ಮಾರಾಯ? ಕರಿಬೇವು ಎಲ್ಲಿ?' ನೀರು ಕುಡಿದು ಸುಧಾರಿಸಿಕೊಂಡ. 'ಜನವರಿಯಲ್ಲಿ ನಿನ್ನ ಬಾತ್‌ರೂಮಿನ ಎಣ್ಣೆ ಬಾಟ್ಲಿ ಗಟ್ಟಿಯಾಗ್ತದಲ್ಲ? ಬಿಸಿನೀರಲ್ಲಿ ಇಟ್ಟು ಅಲ್ಲಾಡಿಸ್ತಿಯಲ್ಲ? ಆ ಹಾಲ್‌ನಲ್ಲಿ ಎಸಿ ಹಾಕಿ ವರ್ಷ ಇಡೀ ಜನವರಿ ಮಾಡಿಟ್ಟಿದ್ದಾರೆ.'

ಅಷ್ಟೇ ಅಲ್ಲ. ಗ್ಯಾಸ್ ಹೊರನುಗ್ಗುವಾಗ ಲೋಹ ಮಂಜಿನಷ್ಟು ತಣ್ಣಗಾಗುತ್ತದೆ. ಕಾರಿನ ಎಸಿಗೆ ಗ್ಯಾಸ್ ತುಂಬುವಾಗ ಎಷ್ಟು ಸಲ ಬೆರಳು ಜೋಮು ಹಿಡಿದಿಲ್ಲ ನನಗೆ? ಗೊತ್ತಿತ್ತು. ಎಲ್ಲ ಗೊತ್ತಿತ್ತು. ಬಾಟ್ಲಿಯನ್ನು ನೋಡಿದಾಗ ನನ್ನ ಉಮ್ಮನ ಹೊಲಿಗೆ ಮೆಷಿನ್ ನೆನಪಾಯಿತು, ಗೊತ್ತಿದ್ದದ್ದು ಮರೆತುಹೋಯಿತು.

'ಮಗಳಿಗೆ ಹೇಳು' ಅಂದ.

'ಹೇಳ್ತೇನೆ.'

'ಯಾವಾಗ?'

'ಸಮಿತಿ ತೀರ್ಮಾನ ಮಾಡ್ತದೆ.'

'ಸಮಿತಿಯಲ್ಲಿ ಯಾರೆಲ್ಲ ಉಂಟು?'

'ನಾನೊಬ್ಬ.'

'ಹಾಗಾದ್ರೆ ಖಲಾಸ್. ಬಹುಮತ ಬರುವುದಿಲ್ಲ.'

ಮೇ 14, ಬುಧವಾರ

ಇನ್ನು ಅಂದಾಜಿನ ಕೆಲಸ ಬೇಡ. ಅಂಗಡಿಯಿಂದ ಒಂದೇ ಅಳತೆಯ ಸಣ್ಣ ರಬ್ಬರ್ ಉಂಗುರಗಳನ್ನು ತಂದೆ. ಡಬ್ಬಿ ಮುಚ್ಚಳಗಳಲ್ಲಿ ಬೇರೆ ಬೇರೆ ಎಣ್ಣೆ ಹಾಕಿ ಅದರಲ್ಲಿ ಮುಳುಗಿಸಿಟ್ಟೆ: ಎಂಜಿನ್ ಎಣ್ಣೆ, ತುಕ್ಕಿನ ಸ್ಪ್ರೇ, ಕಾರಿನ ಡ್ಯಾಶ್‌ಬೋರ್ಡಿಗೆ ಹೊಳಪು ಕೊಡುವ ದ್ರವ, ತೆಂಗಿನೆಣ್ಣೆ. ಒಂದು ಸಾಲು ಬಿಸಿಲು ಬೀಳುವ ಕಿಟಕಿಯಲ್ಲಿ, ಒಂದು ಸಾಲು ಫ್ರಿಜ್ಜಿನಲ್ಲಿ.

ಹಸೀಬಾ ನೀರಿಗೆಂದು ಫ್ರಿಜ್ ತೆರೆದವಳು ಹಾಗೇ ನಿಂತಳು. 'ಉಪ್ಪ, ಮೊಸರಿನ ಪಕ್ಕ ಇದೆಂಥ?'

'ಅಂಗಡಿಯ ಕೆಲಸ.'

'ಇಟ್ ಸ್ಟಿಂಕ್ಸ್.'

'ದುಡಿಮೆಗೆ ವಾಸನೆ ಇರ್ತದೆ.'

'ಮೊಸರಿಗೂ ಬರ್ತದೆ ಈಗ' ಅಂದಳು. ಮೊಸರಿನ ಡಬ್ಬಿಯನ್ನು ಮೇಲಿನ ಹಲಗೆಗೆ ಎತ್ತಿಟ್ಟಳು. ಮುಚ್ಚಳಗಳನ್ನು ಮುಟ್ಟಲಿಲ್ಲ. ಒಂದು ಘಳಿಗೆ ಜಾಸ್ತಿಯೇ ನೋಡಿದಳು ಅನ್ನಿಸಿತು.

ಮೇ 16, ಶುಕ್ರವಾರ

'ಇವತ್ತು ಬಿಡುವುದು ಬೇಡ. ನಾನು ಟೀಮಿನಲ್ಲಿ ಇಲ್ಲ' ಅಂದಳು. ಗೋಡೆಯ ಕಡೆ ತಿರುಗಿ ಮಲಗಿದಳು.

ತರಕಾರಿಗೆಂದು ಹೇಳಿ ಹೊರಟೆ, ಬೌಷರ್‌ಗೆ ಹೋದೆ. ನಿಯೋಗ ಹೋಗುವುದೆಂದರೆ ಕನಿಷ್ಠ ಐದು ಜನ ಇರಬೇಕು, ನಾನು ಒಬ್ಬನೇ ನಿಯೋಗ. ಬಾಗಿಲ ಹೊರಗೇ ನಿಂತು ಕ್ಯಾಪ್ಟನನ್ನು ಕರೆಸಿದೆ. ಆಶಿತಾ ಬಂದಳು. ಮಂಡಿಗೆ ಪ್ಯಾಡ್, ಕೊರಳಲ್ಲಿ ಸೀಟಿ.

'ಒಳಗೆ ಬನ್ನಿ ಅಂಕಲ್, ಬಿಸಿಲು.'

'ಇಲ್ಲೇ ಸರಿ. ಹುಡುಗಿಯನ್ನು ತೆಗೆದುಹಾಕಿದ್ದೀರಿ. ನೋಟಿಸ್ ಇಲ್ಲ, ವಿಚಾರಣೆ ಇಲ್ಲ. ಒಂದು ಸಲ ಯಂತ್ರ ಕೈಕೊಟ್ಟಿತೆಂದು ದುಡಿದವರನ್ನು ಬೀದಿಗೆ ಹಾಕುವುದು ಯಾವ ನ್ಯಾಯ?'

ಅವಳು ಕಣ್ಣು ಬಿಟ್ಟಳು. 'ಅಂಕಲ್, ನಾನು ಕೇಳಿದೆ ಅವಳನ್ನ. ಏನಾಯ್ತು ಅಂತ. ಎಣ್ಣೆ ಹಾಕೋಕೆ ಮರ್ತೋಯ್ತು, ನನ್ನದೇ ತಪ್ಪು ಅಂದ್ಲು. ಅವರವರ ಮ್ಯಾಗಝಿನ್ ಅವರವರ ಜವಾಬ್ದಾರಿ, ನಮ್ಮಲ್ಲಿ ಇರೋದೇ ಅದೊಂದು ರೂಲ್. ನನಗೂ ಬೇಜಾರೇ. ಒಳ್ಳೆ ಗುರಿ ಅವಳದು.'

ಎಣ್ಣೆ ಹಾಕಲು ಮರೆತೆ ಅಂದಳಂತೆ. ಮರೆತಿರಲಿಲ್ಲ. ಹಾಕಲಾಗಿತ್ತು. ಹಾಕಿದವನು ಅಲ್ಲೇ ನಿಂತಿದ್ದ, ಬೆವರುತ್ತಿದ್ದ. ಮೊದಲು ಮಗಳಿಗೆ ಹೇಳಿ ಆಮೇಲೆ ಕ್ಯಾಪ್ಟನಿಗೆ ಹೇಳುವುದು ಕ್ರಮ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು. ಹೆದರಿದೆ. ಲಾಠಿಯ ಎದುರು ನಿಂತವನು ಸೀಟಿ ಕಟ್ಟಿಕೊಂಡ ಹುಡುಗಿಯ ಎದುರು ಹೆದರಿದೆ.

ಆದರೂ ಒಂದು ಬೇಡಿಕೆ ಗೆದ್ದುಕೊಂಡು ಬಂದೆ: ಮುಂದಿನ ಶುಕ್ರವಾರ ಪ್ರಾಕ್ಟೀಸಿಗೆ ಹಸೀಬಾ ಬರಬಹುದು. ಅವಳ ಮ್ಯಾಗಝಿನ್ ಕೊನೆಯವರೆಗೂ ಸೋರದೆ, ಕಚ್ಚದೆ ನಡೆದರೆ ಮೂವತ್ತನೇ ತಾರೀಕಿನ ಫೈನಲ್‌ನಲ್ಲಿ ಆಡಬಹುದು. ನಡೆಯದಿದ್ದರೆ ಇಲ್ಲ.

ತರಕಾರಿ ತರಲು ಮರೆತೆ.

ಮೇ 18, ಭಾನುವಾರ

ಮುಚ್ಚಳಗಳ ವರದಿ. ತುಕ್ಕಿನ ಸ್ಪ್ರೇ: ಉಂಗುರ ಮೆತ್ತಗಾಗಿ ಊದಿದೆ, ಬೆರಳಿಗೆ ಕಪ್ಪು ಅಂಟುತ್ತದೆ. ದ್ರೋಹಿ. ಎಂಜಿನ್ ಎಣ್ಣೆ: ಸ್ವಲ್ಪ ಉಬ್ಬು. ಡ್ಯಾಶ್‌ಬೋರ್ಡಿನ ಹೊಳಪು: ಒಣಗಿ ಪುಡಿ ಬಿಟ್ಟಿದೆ, ಬರೀ ತೋರಿಕೆಯ ಮನುಷ್ಯ. ತೆಂಗಿನೆಣ್ಣೆ: ಕಿಟಕಿಯಲ್ಲಿ ನೀರಿನ ಹಾಗೆ, ಫ್ರಿಜ್ಜಿನಲ್ಲಿ ಕಲ್ಲಿನ ಹಾಗೆ. ಬೆರಳಿನಿಂದ ಕೆರೆದರೆ ಬಿಳಿ ಸಿಪ್ಪೆ. ಅವಳು ಹೇಳಿದ ಅದೇ ಬಿಳಿ.

ಬೇಕಾದದ್ದು ಶುದ್ಧ ಸಿಲಿಕೋನ್ ಎಣ್ಣೆ. ರಬ್ಬರಿನ ತಂಟೆಗೆ ಹೋಗುವುದಿಲ್ಲ, ಬಿಸಿಗೂ ಚಳಿಗೂ ಜಗ್ಗುವುದಿಲ್ಲ. ನಮ್ಮ ಅಂಗಡಿಯಲ್ಲಿರುವುದು ಸ್ಪ್ರೇ. ಅದರಲ್ಲಿ ಏನೇನೋ ಬೆರಕೆ. ಮಧ್ಯಾಹ್ನ ರಿಮೋಟ್ ಕಾರುಗಳ ಅಂಗಡಿಗೆ ಹೋದೆ. ಆ ಆಟಿಕೆ ಕಾರುಗಳ ಶಾಕ್ ಅಬ್ಸಾರ್ಬರಿಗೆ ಹಾಕಲು ಸಣ್ಣ ಸೀಸೆಗಳಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ, ತೆಳ್ಳಗಿನಿಂದ ದಪ್ಪದವರೆಗೆ ನಂಬರ್ ಹಾಕಿ ಸಾಲಾಗಿ ನಿಲ್ಲಿಸಿರುತ್ತಾರೆ. ಸೀಸೆ ಓರೆ ಮಾಡಿ ಗುಳ್ಳೆ ಏರುವುದನ್ನು ನೋಡಿದೆ. ತೀರಾ ತೆಳ್ಳಗಿನದು ನಮ್ಮ ಮೇ ತಿಂಗಳಿಗೆ ನಿಲ್ಲುವುದಿಲ್ಲ, ಹರಿದುಹೋಗುತ್ತದೆ. ತೀರಾ ದಪ್ಪದ್ದು ವಾಲ್ವಿನ ಕಾಲಿಗೆ ಸರಪಳಿ ಕಟ್ಟುತ್ತದೆ. ನಡುವಿನದನ್ನು ಆರಿಸಿದೆ. ಜನ್ಮದಲ್ಲಿ ಮೊದಲ ಸಲ ನಡುದಾರಿ ಹಿಡಿದೆ ಅಂತ ಕ್ಯಾಸ್ಮಿರ್ ಚುಚ್ಚಿದ.

ಸೀಸೆ ಜೇಬಿನಲ್ಲಿದೆ. ಇನ್ನೂ ಹೇಳಿಲ್ಲ.

ಮೇ 19, ಸೋಮವಾರ

ಇವತ್ತೂ ಹೇಳಲಿಲ್ಲ.

ಮೇ 20, ಮಂಗಳವಾರ

ಹೇಳಿದೆ.

ಅಕ್ಕಿರೊಟ್ಟಿ ಮಾಡಿದ್ದೆ, ಸೈನಬ ಫೋನಿನಲ್ಲಿ ಹೇಳಿಕೊಟ್ಟಂತೆ. ಒಂದೂ ದುಂಡಗೆ ಬರಲಿಲ್ಲ. ಹಸೀಬಾ ತಟ್ಟೆ ಎತ್ತಿಕೊಂಡು ಕೋಣೆಗೆ ಹೊರಟಳು. ನಾನು ಎದ್ದು ನಿಂತೆ. ಸ್ವವಿಮರ್ಶೆಯ ಭಾಷಣ ಎರಡು ದಿನದಿಂದ ತಯಾರಾಗಿತ್ತು: ಚಾರಿತ್ರಿಕ ಸಂದರ್ಭ, ನನ್ನ ಉದ್ದೇಶ, ಪರಿಸ್ಥಿತಿಯ ಒತ್ತಡ. ಒಂದೂ ಬಾಯಿಗೆ ಬರಲಿಲ್ಲ. ಬಲಗೈ ಮೇಲೆತ್ತಿದೆ.

'ಹಿಟ್' ಅಂದೆ.

ತಿರುಗಿದಳು. 'ವಾಟ್?'

'ಹಿಟ್. ನನಗೆ ತಾಗಿದೆ. ಯಾರೂ ನೋಡಿಲ್ಲ. ನಾನೇ ಕೈ ಎತ್ತುತ್ತಾ ಇದ್ದೇನೆ. ನಿನ್ನ ಮ್ಯಾಗಝಿನಿಗೆ ತೆಂಗಿನೆಣ್ಣೆ ಹಾಕಿದ್ದು ನಾನು.'

ವಾಪಸ್ ಬಂದು ತಟ್ಟೆ ಮೇಜಿನ ಮೇಲಿಟ್ಟಳು, ಕೂತಳು. 'ಐ ನೋ, ಉಪ್ಪ.'

'ಎಂತ ಗೊತ್ತು?'

'ಅವತ್ತೇ ಗೊತ್ತಾಯ್ತು. ಆ ಬಿಳಿದನ್ನು ಉಗುರಿನಿಂದ ತೆಗೆದು ಮೂಸಿದೆ. ಉಮ್ಮನ ಕೂದಲಿನ ವಾಸನೆ ಬಂತು. ಇಡೀ ಹಾಲ್‌ನಲ್ಲಿ ಎಲ್ಲರೂ ಗುಂಡು ಹೊಡೀತಾ ಇದ್ದಾರೆ, ನಾನು ಮ್ಯಾಗಝಿನ್ ಮೂಸ್ತಾ ನಿಂತಿದ್ದೇನೆ. ಹಾಗೇ ಅಳು ಬಂತು.'

'ಹಾಗಾದರೆ ಕ್ಯಾಪ್ಟನಿಗೆ ಯಾಕೆ ಹೇಳಲಿಲ್ಲ? ಅಪ್ಪ ಹಾಕಿದ್ದು ಅಂತ ಒಂದು ಮಾತು ಹೇಳಿದ್ದರೆ ನಿನ್ನನ್ನು ತೆಗೆಯುತ್ತಿರಲಿಲ್ಲ.'

'ಎಲ್ಲರೂ ನಗ್ತಿದ್ರು.'

'ನಗಲಿ.'

'ನಿಮ್ಮನ್ನು ನೋಡಿ ನಗುವುದು ಬೇಡ.' ರೊಟ್ಟಿ ಮುರಿದಳು. 'ಬೇರೆಯವರ ಅಪ್ಪಂದಿರು ಒಳಗೆ ಬಂದು ವಿಡಿಯೋ ತೆಗೀತಾರೆ. ನೀವು ಹೊರಗೆ ಬಿಸಿಲಲ್ಲಿ ಕೂತಿರ್ತೀರಿ. ಯಾಕೆ ಬರುವುದಿಲ್ಲ ಅಂತ ಕೇಳ್ತಾರೆ. ನಾನು ಇದಿನಬ್ಬ ಮಾಮನ ಕಥೆ ಹೇಳ್ತೇನೆ. ಅವರಿಗೆ ನೀವು, ಲೈಕ್, ದೊಡ್ಡ ಜನ. ಆಮೇಲೆ ತೆಂಗಿನೆಣ್ಣೆ ಅಂತ ಹೇಗೆ ಹೇಳುವುದು?'

ಠಾಣೆಯಲ್ಲಿ ಕೂರಿಸಿ ಕೇಳಿದರೂ ಜೊತೆಗಾರನ ಹೆಸರು ಬಾಯಿ ಬಿಡಬಾರದು, ಅದು ನಮ್ಮ ಮೊದಲ ಪಾಠ. ಬೆವರಿಳಿಸಿ ಕಲಿತ ಪಾಠ. ಕಲಿತವರಲ್ಲೂ ಎಷ್ಟೋ ಜನ ಮೊದಲ ಏಟಿಗೇ ಮರೆತರು. ಇವಳಿಗೆ ಅದನ್ನು ಯಾರು ಹೇಳಿಕೊಟ್ಟರು? ನಾನು ಹೇಳಿಕೊಟ್ಟಿಲ್ಲ. ನಾನು ಇವಳ ಜೊತೆ ಕೂತು ಮಾತಾಡಿದ್ದೇ ಕಡಿಮೆ.

ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಅದೂ ದುಂಡಗಿರಲಿಲ್ಲ.

ಜೇಬಿನಿಂದ ಸೀಸೆ ತೆಗೆದು ಮೇಜಿನ ಮೇಲಿಟ್ಟೆ. ಕಿಟಕಿಯ ಮುಚ್ಚಳ, ಫ್ರಿಜ್ಜಿನ ಮುಚ್ಚಳ ತಂದು ಸಾಲಾಗಿ ಇಟ್ಟು ವರದಿ ಒಪ್ಪಿಸಿದೆ. ದ್ರೋಹಿ ಯಾರು, ತೋರಿಕೆಯವನು ಯಾರು, ಎಲ್ಲ. ಕೊನೆಯ ಮುಚ್ಚಳಕ್ಕೆ ಬಂದಾಗ ಅವಳಿಗೆ ತಡೆಯಲಾಗಲಿಲ್ಲ. ನಗು ಶುರುವಾಯಿತು. ಸೈನಬನ ನಗು, ಮೂಗಿನಿಂದ ಹೊರಡುವಂಥದ್ದು. ನನಗೂ ಬಂತು. ಅಡುಗೆಮನೆಯಲ್ಲಿ ಇಬ್ಬರೂ ಕಣ್ಣೀರು ಒರೆಸಿಕೊಂಡು ನಕ್ಕೆವು.

ಮೇ 21, ಬುಧವಾರ

ಮ್ಯಾಗಝಿನ್ ಬಿಚ್ಚಿದೆವು. ಫೋನು ಮೇಜಿನ ಮೇಲಿತ್ತು, ಆದರೆ ಕೆಲಸಕ್ಕೆ: ಅವಳು ಅದರಲ್ಲಿ ಓದಿ ಹೇಳುವುದು, ನಾನು ಮಾಡುವುದು. ಮೊದಲು ಸುತ್ತ ಮುತ್ತ ಬೆಂಕಿ ಇಲ್ಲವೆಂದು ನೋಡಿ ಉಳಿದ ಗ್ಯಾಸ್ ಪೂರಾ ಬಿಟ್ಟೆವು. ತೆಂಗಿನೆಣ್ಣೆಯನ್ನು ಬಟ್ಟೆಯಿಂದ ಒರೆಸಿ ಒರೆಸಿ ತೆಗೆದ ಮೇಲೂ ಅಡುಗೆಮನೆ ಘಮ್ಮೆನ್ನುತ್ತಿತ್ತು. ಹಳೆಯ ಉಂಗುರ ತೆಗೆದು ಹೊಸದು ಕೂರಿಸಿದೆ.

'ಎರಡು ಹನಿ, ಉಪ್ಪ. ಟೂ ಡ್ರಾಪ್ಸ್. ಬಿರಿಯಾನಿ ಅಲ್ಲ.'

'ಮೂರು ಹಾಕಿದರೆ?'

'ಜಾಸ್ತಿಯಾದ್ರೆ ಗ್ಯಾಸಿನ ಜೊತೆ ನಳಿಗೆಗೆ ಹೋಗ್ತದೆ. ಅಲ್ಲಿನ ರಬ್ಬರಿಗೆ ತಾಗಿದ್ರೆ ಗುಂಡು ಜಾರಿ ಎಲ್ಲೆಲ್ಲೋ ಹೋಗ್ತದೆ.'

ಎರಡೇ ಹನಿ ಬಿಟ್ಟೆ. ಬಂದೂಕಿನ ಮೇಲ್ಭಾಗ ಹಿಂದೆ ಮುಂದೆ ಜಾರುವ ಲೋಹದ ಹಳಿಗೆ ಮಾತ್ರ ಚೂರು ಗ್ರೀಸ್, ಅದೂ ತೆಳ್ಳಗೆ ಒರೆಸಿ. ದಪ್ಪಗೆ ಹಚ್ಚಿದರೆ ಈ ಊರಿನ ದೂಳೆಲ್ಲ ಅಲ್ಲಿ ಬಂದು ವಾಸ ಮಾಡುತ್ತದೆ. ಅದನ್ನು ಕ್ಲಬ್ಬಿನಲ್ಲಿ ಅವಳೇ ಹಚ್ಚುತ್ತಾಳಂತೆ, ಹಲ್ಲುಕಡ್ಡಿಯ ತುದಿಯಲ್ಲಿ ಕಟ್ಟಿಕೊಟ್ಟೆ. ಗ್ಯಾಸ್ ತುಂಬಿ ನಡುವೆ ಇಟ್ಟು ಇಬ್ಬರೂ ಕಿವಿ ಕೊಟ್ಟೆವು, ಅವಳು ಆಚೆ, ನಾನು ಈಚೆ. ಸದ್ದಿಲ್ಲ. ಅವಳ ಉಸಿರು ಮಾತ್ರ ಕೇಳಿಸಿತು.

ಮೇ 23, ಶುಕ್ರವಾರ

ಮ್ಯಾಗಝಿನನ್ನು ಕಾರಿನಲ್ಲಿ ಬಿಡುವಂತಿಲ್ಲ. ಬಿಸಿಗೆ ಗ್ಯಾಸ್ ಉಬ್ಬುತ್ತದೆ, ಅಪಾಯ. ಟಿಫಿನ್ ಚೀಲದಲ್ಲಿಟ್ಟು ತೊಡೆಯ ಮೇಲಿಟ್ಟುಕೊಂಡು ಬಂದೆ. ಹಸೀಬಾ ಕನ್ನಡಕ ಕಟ್ಟಿಕೊಂಡು ಓಡಿದಳು, ಚೀಲ ನನ್ನ ಕೈಯಲ್ಲೇ ಉಳಿಯಿತು. ಆದ್ದರಿಂದ ಒಳಗೆ ಹೋಗಬೇಕಾಯಿತು. ಬೇರೇನಿಲ್ಲ.

ನಿಜಕ್ಕೂ ಜನವರಿ. ತೋಳಿನ ರೋಮ ಎದ್ದಿತು. ಕಾಲಿಡುವಲ್ಲೆಲ್ಲ ಬಿಳಿ ಗುಂಡುಗಳು ಕರಕರ ಅನ್ನುತ್ತವೆ. ನನಗೂ ಒಂದು ಕನ್ನಡಕ ಕೊಟ್ಟು ಬಲೆಯ ಹಿಂದೆ ನಿಲ್ಲಿಸಿದರು.

ಆಶಿತಾ ಬಂದಳು. ಅವಳೆದುರೂ ಕೈ ಎತ್ತಿದೆ. 'ಹಿಟ್. ಹುಡುಗಿ ಮರೆತದ್ದಲ್ಲ. ತೆಂಗಿನೆಣ್ಣೆ, ನಾನು ಹಾಕಿದ್ದು.' ಅವಳು ಸೀಟಿ ಬಾಯಿಗಿಟ್ಟುಕೊಂಡು ನಗು ತಡೆದಳು. 'ಅಂಕಲ್, ನಮ್ಮಜ್ಜಿ ನನ್ನ ಲ್ಯಾಪ್‌ಟಾಪಿಗೆ ಹರಳೆಣ್ಣೆ ಬಿಟ್ಟಿದ್ರು. ಬನ್ನಿ, ನೋಡಿ. ಮ್ಯಾಗ್ ನಡೆದ್ರೆ ಮಾತ್ರ ಫೈನಲ್, ರೂಲ್ ರೂಲೇ.'

ಸೀಟಿ ಊದಿದಳು. ಸದ್ದು ಶುರುವಾಯಿತು. ನನ್ನ ಕೈ ಮೊಣಕಾಲಿಗೆ ಹೋಗಿ ಹಿಡಿದುಕೊಂಡಿತು. ಟಪ್, ಟಪ್, ಹಂಚಿಗೆ ಗೋಲಿ ಹೊಡೆದ ಹಾಗೆ. ನನಗೆ ನೆನಪಿರುವ ಸದ್ದು ಬೇರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೂ ಹಿಡಿದುಕೊಂಡೇ ಇದ್ದೆ.

ಹಸೀಬಾ ಡ್ರಮ್ಮುಗಳ ಹಿಂದೆ ಬಗ್ಗಿದಳು, ಎದ್ದಳು, ಹೊಡೆದಳು. ಮತ್ತೆ ಹೊಡೆದಳು. ವಾಲ್ವ್ ಒಮ್ಮೆಯೂ ಕಚ್ಚಲಿಲ್ಲ. ನಾನು ಗುಂಡು ಎಣಿಸಲಿಲ್ಲ, ಗ್ಯಾಸಿನ ಉಸಿರು ಕೇಳಿಸಿಕೊಂಡೆ. ಪ್ರತಿ ಸಲವೂ ಪೂರಾ ಉಸಿರು. ಕೊನೆಯ ಸುತ್ತಿನಲ್ಲಿ ಅವಳು ಹಲಗೆಯ ಮರೆಯಲ್ಲಿದ್ದಳು. ಯಾರಿಗೂ ಕಾಣುತ್ತಿರಲಿಲ್ಲ, ನಾನು ನಿಂತ ಜಾಗದಿಂದ ಮಾತ್ರ ಕಾಣುತ್ತಿತ್ತು. ಹಿಂದಿನಿಂದ ಬಂದ ಗುಂಡು ಅವಳ ದುಪಟ್ಟಾದ ತುದಿಗೆ ತಾಗಿತು. ತೂತಿಲ್ಲ, ನೋವಿಲ್ಲ, ಸಾಕ್ಷಿ ಇಲ್ಲ. ಹುಡುಗಿ ಕೈ ಎತ್ತಿದಳು. 'ಹಿಟ್!' ಬಂದೂಕು ತಗ್ಗಿಸಿ ತಲೆ ಎತ್ತಿ ಹೊರನಡೆದಳು.

ಚಪ್ಪಾಳೆ ತಟ್ಟಿದೆ. ಔಟಾದವರಿಗೆ ಚಪ್ಪಾಳೆ ತಟ್ಟುವುದಿಲ್ಲವಂತೆ. ಎಲ್ಲರೂ ತಿರುಗಿ ನೋಡಿದರು.

ಫೈನಲ್‌ಗೆ ಹೆಸರು ಬಂತು.

ಮೇ 28, ಬುಧವಾರ

ಸೈನಬನ ಟಿಕೆಟ್ ಆಯಿತು, ಜೂನ್ ಮೂರಕ್ಕೆ. 'ಒಳಗೆ ಹೋದಿರಂತೆ?' ಅಂತ ಕೇಳಿದಳು. ಕಾರು ಬಿಸಿಯಿತ್ತು ಅಂದೆ. 'ಹೌದು, ಮಸ್ಕತ್ತಿನಲ್ಲಿ ಈ ವರ್ಷವೇ ಬಿಸಿ ಶುರುವಾದದ್ದು' ಅಂದಳು.

ಇದಿನಬ್ಬನಿಗೂ ಫೋನ್ ಮಾಡಿದೆ. ಊರಿನಲ್ಲಿ ಅವನ ಅಂಗಡಿಯ ಮುಂದೆ ಬಸ್ಸುಗಳ ಹಾರನ್ನಿನ ನಡುವೆ ಅವನ ದನಿ. ಹೇಳುವುದು ಕಷ್ಟವಾಯಿತು. ಬಂದೂಕಿನ ಹಾಲ್‌ನಲ್ಲಿ ನಿಂತೆ, ಆಣೆ ಮುರಿದೆ, ನಿನಗೆ ಹೇಳದಿದ್ದರೆ ಅನ್ನ ಇಳಿಯುವುದಿಲ್ಲ ಅಂದೆ.

ಅವನು ಕೇಳಿದ್ದು: 'ಹುಡುಗಿಯ ಗುರಿ ಹೇಗೆ?'

'ಚೆನ್ನಾಗಿದೆ.'

'ಮತ್ತೆಂತ ಬೇಕು ನಿನಗೆ? ಅಲ್ಲ ಉಮ್ಮರೇ, ಮೊಣಕಾಲು ನನ್ನದು. ಕುಂಟುವುದು ನಾನು. ನೀನು ಯಾಕೆ ಇಷ್ಟು ವರ್ಷ ಅದನ್ನು ಹೊತ್ತುಕೊಂಡು ಕಾರಿನಲ್ಲಿ ಕೂತದ್ದು? ಹೊಡೆದವರ ಮೇಲಿನ ಸಿಟ್ಟು ಬಿಡಬೇಡ, ನಾನೂ ಬಿಟ್ಟಿಲ್ಲ. ಮಗು ಆಡುವುದನ್ನು ನೋಡು. ಗೆದ್ದರೆ ನನಗೆ ವಿಡಿಯೋ ಕಳಿಸು. ಸೋತರೂ ಕಳಿಸು.'

ವಿಡಿಯೋ ತೆಗೆಯುವುದು ಹೇಗೆಂದು ಹಸೀಬಾ ಊಟದ ಹೊತ್ತಿಗೆ ಕಲಿಸಿದಳು. ಫೋನು ಅಡ್ಡ ಹಿಡಿಯಬೇಕಂತೆ, ಬೆರಳು ಕಣ್ಣಿಗೆ ಅಡ್ಡ ಬರಬಾರದಂತೆ. ಉಣ್ಣುವಾಗ ಫೋನು ಮೇಜಿನ ಮೇಲಿತ್ತು, ನಿಯಮ ಮುರಿಯಿತು. ಕಾರ್ಯದರ್ಶಿಯಾಗಿ ದಾಖಲಿಸುತ್ತಿದ್ದೇನೆ, ಆಕ್ಷೇಪಣೆ ಇಲ್ಲ. ಇವತ್ತು ಬೆಳಿಗ್ಗೆ ಶಾಲೆಗೆ ಹೊರಡುವಾಗ ಜಡೆ ಹಾಕಿಕೊಳ್ಳಲು ಎಣ್ಣೆ ಬಾಟ್ಲಿ ತಂದು ನನ್ನ ಮುಂದೆ ಕೂತಳು, ಉಮ್ಮ ಇಲ್ಲವಲ್ಲ ಅಂತ. ತೆಂಗಿನೆಣ್ಣೆ. ಅಂಗೈಗೆ ಎಷ್ಟು ಬಿಡಲಿ ಅಂದೆ. 'ಇಲ್ಲಿ ಎಷ್ಟು ಬೇಕಾದ್ರೂ ಹಾಕಿ' ಅಂದಳು. ಜಡೆ ಓರೆ ಬಂತು. ಹಾಗೇ ಹೋದಳು.

ಇಂದು ತೀರ್ಮಾನವಾದದ್ದು ಇಷ್ಟು: ಮ್ಯಾಗಝಿನಿಗೆ ಸಿಲಿಕೋನ್, ಎರಡು ಹನಿ, ಗುರುವಾರ ಸಂಜೆ, ಇಬ್ಬರೂ ಸೇರಿ. ಟಿಫಿನ್ ಚೀಲ ಅವಳೇ ಹೊರುವುದು. ಒಳಗೆ ಹೋಗಲು ನನಗೆ ಚೀಲದ ನೆಪ ಬೇಡ. ಮುಂದಿನ ಸಭೆ ಬೌಷರ್‌ನ ಹಾಲ್‌ನಲ್ಲಿ, ಬಾಗಿಲಿನ ಹೊರಗಲ್ಲ, ಬಲೆಯ ಪಕ್ಕದಲ್ಲಿ, ಮೇ 30, ಶುಕ್ರವಾರ, ಸಂಜೆ ನಾಲ್ಕು ಗಂಟೆಗೆ.